ತಟ್ಟಿ ಒಳಗೆ ಬನ್ನಿ

ನಮ್ಮ ಮನೆಯಲ್ಲೇ ಇರುವ ಸೋದರಮಾವ ಕಂಪ್ಯೂಟರ್ ಮೇಷ್ಟ್ರು. ಸೈಬರ್‌ಸ್ಪೇಸ್ ಅಂದರೆ ಒಂದಷ್ಟು ತಂತಿ, ಒಂದಷ್ಟು ಯಂತ್ರ ಎಂದವರನ್ನು ಅವನು ಸುಮ್ಮನೆ ಬಿಡುವುದಿಲ್ಲ. "ಯಂತ್ರ ಅಲ್ಲಪ್ಪ, ಅದೊಂದು ಜಾಗ" ಎಂದು ಊಟದ ನಡುವೆಯೇ ಪಾಠ ಶುರು. ಅಮ್ಮ ಅಡುಗೆಮನೆಯಿಂದ "ಎಲ್ಲಿದ್ದೀಯೋ?" ಎಂದರೆ, ಪರದೆಯಿಂದ ಕಣ್ಣು ಕೀಳದೆ "ಒಳಗಿದ್ದೀನಿ ಅಕ್ಕ" ಎನ್ನುತ್ತಾನೆ. ಎಲ್ಲೆಯೇ ಇಲ್ಲದ ಆ ಲೋಕದ ಹೆಬ್ಬಾಗಿಲು ನಮ್ಮ ನಡುಮನೆಯ ಸೋಫಾದ ಎಡತುದಿ. ಒಂದು ಗೇಣು ಬಲಕ್ಕೆ ಸರಿದರೆ ವೈಫೈ ಸಿಗದೆ ಇಡೀ ಬ್ರಹ್ಮಾಂಡವೇ ಮಾಯ. ಅಲ್ಲಿ ಅವನದೇ ಒಂದು ಚಾಟ್ ರೂಮಿದೆ. ಸದಸ್ಯರು ನಾಲ್ಕೇ ಜನ, ನಿಯಮಗಳು ಮಾತ್ರ ಇಪ್ಪತ್ತಾರು. ಮೊನ್ನೆ ನಾನೂ ಫೋನಿನ ಡೇಟಾ ಹಾಕಿಕೊಂಡು ಸೇರಲು ಹೋದರೆ ಮೊದಲನೆಯದೇ ಅಡ್ಡ ಬಂತು: ತಟ್ಟದೆ ಒಳಗೆ ಬರಬಾರದು. ಪರದೆಯ ಮೇಲಿನ ಬಾಗಿಲಿನ ಚಿತ್ರವನ್ನು ಒತ್ತಿ ತಟ್ಟಿದೆ. ಮೂರು ಮೊಳ ದೂರದಲ್ಲಿ ಕೂತಿದ್ದ ಮಾಮ ಕನ್ನಡಕ ಸರಿಮಾಡಿಕೊಂಡು, ಗಂಭೀರವಾಗಿ ಯೋಚಿಸಿ, ನನ್ನನ್ನು ಒಳಗೆ ಬಿಟ್ಟುಕೊಂಡ. ನಗು ತಡೆಯಲಾಗದೆ ನನ್ನ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡೆ. ಚಿಲಕ ಹಾಕುವಾಗ ನಗು ನಿಂತಿತು. ಹನ್ನೊಂದು ವರ್ಷದಿಂದ ಮಾಮ ಮಲಗುವುದೂ ಆ ಸೋಫಾದ ಮೇಲೆಯೇ. ನಾವೆಲ್ಲ ಹಾದುಹೋಗುವ ನಡುಮನೆಗೆ ತಟ್ಟಲು ಬಾಗಿಲೇ ಇಲ್ಲ.