ನೀಲಕ್ಕನ ಮಜ್ಜಿಗೆ

ನೀಲಕ್ಕ, ನಿಮ್ಮ ಖಾನಾವಳಿ ಮುಚ್ಚಿದ್ದು ನನ್ನ ಒಂದು ಸುಳ್ಳಿನಿಂದ. ನನ್ನ ಗಾಡಿಯಲ್ಲಿದ್ದ ಪಾಲಬಾವಿ ಊರಿನವರಿಗೆ ಅಂದು ವಾಂತಿ-ಭೇದಿಯಾದದ್ದು ನಿಮ್ಮ ಮಜ್ಜಿಗೆಯಿಂದಲ್ಲ. ನಾನು ಆಮೇಲೆ ಗಾಡಿ ನಿಲ್ಲಿಸಿದ ಧಾಬಾದ ಊಟದಿಂದ. ಅದು ನನಗೆ ಗೊತ್ತಿತ್ತು — ಅವರು ತುತ್ತು ಎತ್ತುವ ಮೊದಲೇ ಗೊತ್ತಿತ್ತು.

ಹತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅದೇ ರಸ್ತೆಯಲ್ಲಿ ಬಾಡಿಗೆ ಕ್ರೂಸರ್ ಗಾಡಿ ಓಡಿಸಿದ್ದೇನೆ. ಅಥಣಿ, ರಾಯಬಾಗದ ಕಡೆಯ ಜನ ಪುಣೆಗೆ ಹೊರಟರೆ ನನ್ನನ್ನೇ ಕರೆಯುತ್ತಾರೆ. ಎಲ್ಲಿ ಚಹಾ ಕುಡಿಯಬೇಕು, ಎಲ್ಲಿ ಉಣ್ಣಬೇಕು, ಎಲ್ಲಿ ಬರೀ ಕೈಕಾಲು ತೊಳೆದುಕೊಂಡು ಮುಂದೆ ಹೋಗಬೇಕು — ಈ ವಿಷಯದಲ್ಲಿ ಡ್ರೈವರ್ ಹೇಳಿದ್ದೇ ಮಾತು. ಜನ ಪಾಪ, ನಂಬುತ್ತಾರೆ. ಡ್ರೈವರ್ ದಿನಾ ಓಡಾಡುವವನು, ಅವನಿಗೆ ತಿಳಿಯದೇ ಇದ್ದೀತೇ ಎನ್ನುತ್ತಾರೆ. ಹೌದು, ತಿಳಿದಿರುತ್ತದೆ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯಲ್ಲಿ ನಿಮ್ಮ ತಗಡಿನ ಖಾನಾವಳಿ ಇತ್ತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೊನೆಗೆ ಒಗ್ಗರಣೆ ಹಾಕಿದ ಮಜ್ಜಿಗೆ. ಡ್ರೈವರ್‌ಗೆ ಬೇರೆ ಏನೂ ಇಲ್ಲ. ನಾನೊಮ್ಮೆ ಚೇಷ್ಟೆಗೆ ನನಗೇನು ವಿಶೇಷ ಎಂದು ಕೇಳಿದಾಗ ನೀವು ರೊಟ್ಟಿ ಬಡಿಯುತ್ತಲೇ, ಎಲ್ಲರ ತಾಟಿಗೂ ಒಂದೇ ಅಡುಗೆ ಎಂದಿದ್ದಿರಿ. ಆ ಮಾತು ಆಗ ನನಗೆ ರುಚಿಸಿರಲಿಲ್ಲ.

ಹೈವೇ ಧಾಬಾದಲ್ಲಿ ಹಾಗಲ್ಲ. ಗಾಡಿ ತುಂಬ ಜನರನ್ನು ತಂದವನಿಗೆ ಅಡುಗೆಮನೆಯ ಪಕ್ಕದಲ್ಲಿ ಬೇರೆ ಟೇಬಲ್, ಬೇರೆ ಊಟ, ಮೇಲೊಂದು ಎಲೆ-ಅಡಿಕೆ, ಎಲ್ಲವೂ ಪುಕ್ಕಟೆ. ನಿಪ್ಪಾಣಿ ದಾಟಿದ ಮೇಲೆ ಅಂಥದೊಂದು ಧಾಬಾ ಹೊಸದಾಗಿ ಆಗಿತ್ತು. ನಾನು ಆ ಮರ್ಯಾದೆಗೆ ಸೋತಿದ್ದೆ — ಮರ್ಯಾದೆ ಅಂತ ನಾನೇ ಹೆಸರಿಟ್ಟುಕೊಂಡಿದ್ದೆ.

ಅಂದು ಪಾಲಬಾವಿಯ ಅಪ್ಪಾಸಾಹೇಬ ಕಾಕಾ ಬಸುರಿ ಮಗಳ ಕುಬಸಕ್ಕೆಂದು ಪುಣೆಗೆ ಹೊರಟಿದ್ದರು. ಎಲ್ಲರೂ ಆಯಿ ಎನ್ನುವ ಅವರ ಮುದಿ ತಾಯಿ, ಹೆಂಡತಿ, ಅಣ್ಣ-ತಮ್ಮಂದಿರ ಸಂಸಾರ, ಒಟ್ಟು ಒಂಬತ್ತು ಜನ. ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮಲ್ಲಿ ನಿಂತೆವು. ಇಲ್ಲೇ ಉಂಡುಬಿಡೋಣ ಎಂದು ಕಾಕಾ ಅಂದರು, ಆಯಿಗಂತೂ ರೊಟ್ಟಿಯ ವಾಸನೆಗೇ ಹಸಿವೆಯಾಗಿತ್ತು. ನಾನೇ ಬೇಡವೆಂದೆ. ಮುಂದೆ ಹೈವೇ ಮೇಲೆ ಚೆಂದದ ಜಾಗ ಇದೆ, ಕುರ್ಚಿ ಇವೆ, ಫ್ಯಾನು ಇದೆ ಎಂದೆ. ಎಲ್ಲರೂ ಮಜ್ಜಿಗೆಯಷ್ಟೇ ಕುಡಿದು ಎದ್ದರು. ನಾನೂ ಎರಡು ಲೋಟ ಕುಡಿದೆ.

ಧಾಬಾದಲ್ಲಿ ಅವರು ಪನೀರ್ ಭಾಜಿ, ರೋಟಿ ಹೇಳಿದರು. ನಾನು ನನ್ನ ಟೇಬಲ್ಲಿಗೆ ಹೋಗಿ ಕುಳಿತೆ. ಅಡುಗೆಯವನು ಬಗ್ಗಿ ಸಣ್ಣ ದನಿಯಲ್ಲಿ ಹೇಳಿದ: "ಮಾಮಾ, ನೀವು ಪನೀರ್ ತಗೋಬ್ಯಾಡ್ರಿ. ಅದು ನಿನ್ನಿದು ಐತಿ. ನಿಮಗ ಬ್ಯಾರೆ ಕಡ್ಲಿಹಿಟ್ಟಿನ ಝುಣಕಾ ಮಾಡೀನಿ."

ನೀಲಕ್ಕ, ಅವರು ಕುಳಿತಿದ್ದ ಜಾಗ ಹತ್ತು ಹೆಜ್ಜೆ ದೂರ ಇತ್ತು. ಎದ್ದು ಹೋಗಿ ಹೇಳಬಹುದಿತ್ತು. ಹೇಳದಿದ್ದರೂ, ಗಾಡಿಗೆ ಏನೋ ಆಗಿದೆ, ಏಳಿ ಅನ್ನಬಹುದಿತ್ತು. ಆದರೆ ನಾಳೆ ಇಲ್ಲಿ ನನ್ನ ಮುಖ ನೋಡಿದರೆ ಧಾಬಾದವರು ಏನಂದಾರು ಎಂಬುದೇ ನನಗೆ ದೊಡ್ಡದಾಯಿತು. ಆಯಿ ಬೊಚ್ಚು ಬಾಯಲ್ಲಿ ಪನೀರನ್ನು ಮೆತ್ತಗಿದೆ ಎಂದು ಮೆಚ್ಚಿ ತಿನ್ನುವುದು ಕಾಣುತ್ತಿತ್ತು. ನಾನು ಝುಣಕಾ ತಿಂದೆ. ರುಚಿಯಾಗಿತ್ತು ಕೂಡ — ಅದನ್ನೂ ಹೇಳಿಬಿಡುತ್ತೇನೆ.

ಸಾತಾರಾ ಹತ್ತಿರ ಬರುವಷ್ಟರಲ್ಲಿ ಒಬ್ಬೊಬ್ಬರಿಗೇ ಶುರುವಾಯಿತು. ಸಂಜೆ ಎಲ್ಲರನ್ನೂ ದವಾಖಾನೆಗೆ ಹಾಕಿದೆ. ಆಯಿಯ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿದ್ದವು. ಏನು ತಿಂದಿರಿ ಎಂದು ಡಾಕ್ಟರ್ ಕೇಳಿದಾಗ ಕಾಕಾ ನನ್ನ ಮುಖ ನೋಡಿದರು. ನಾನು ಒಂದು ಗಳಿಗೆಯೂ ತಡಮಾಡಲಿಲ್ಲ: "ಆ ಖಾನಾವಳಿ ಮಜ್ಜಿಗೀನ ಕೆಟ್ಟಿತ್ರಿ ಕಾಕಾ. ನನಗ ಆಗಳ ವಾಸನಿ ಬಂದಿತ್ತು."

ನಾನೂ ಅದನ್ನೇ ಕುಡಿದಿದ್ದೆನಲ್ಲ, ನನಗೇಕೆ ಏನೂ ಆಗಲಿಲ್ಲ ಎಂದು ಯಾರೂ ಕೇಳಲಿಲ್ಲ.

ಆಯಿ ನಾಲ್ಕು ದಿನ ದವಾಖಾನೆಯಲ್ಲಿದ್ದು ಬದುಕಿ ಉಳಿದರು. ಉಳಿಯದೇ ಹೋದದ್ದು ನಿಮ್ಮ ಖಾನಾವಳಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಒಮ್ಮೆ ಆಡಿ ಸುಮ್ಮನಾಗಲೂ ಇಲ್ಲ. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರ್‌ಗಳ ಮುಂದೆಯೂ ಅದನ್ನೇ ಹೇಳಿದೆ, ಉಪ್ಪು-ಖಾರ ಹಚ್ಚಿ ಹೇಳಿದೆ. ಮಾತು ನಿಮ್ಮ ಕಿವಿಗೂ ಬಿತ್ತು, ಗಾಡಿಗಳು ನಿಮ್ಮಲ್ಲಿ ನಿಲ್ಲುವುದನ್ನು ಬಿಟ್ಟವು. ದೀಪಾವಳಿಯ ಹೊತ್ತಿಗೆ ನೀವು ಬೀಗ ಹಾಕಿ ಐನಾಪುರಕ್ಕೆ ಹೋದಿರಿ.

ಹೋದ ತಿಂಗಳು ಐನಾಪುರಕ್ಕೆ ಬಾಡಿಗೆ ಗಾಡಿ ತಂದಿದ್ದೆ. ಪೇಟೆಯಲ್ಲಿ ನೀವೇ ಗುರುತು ಹಿಡಿದಿರಿ, ಉಣ್ಣದೆ ಹೋಗಬಾರದೆಂದು ಮನೆಗೆ ಕರೆದೊಯ್ದಿರಿ. ಅಂಗಡಿಗಳಿಗೆ ಒಣಗಿಸಿದ ಕಟಕ ರೊಟ್ಟಿ ಮಾಡಿಕೊಡುತ್ತ ಸಂಸಾರ ನಡೆದಿದೆ ಎಂದಿರಿ. ಊಟದ ಕೊನೆಗೆ ನಾನು ಅಭ್ಯಾಸದಂತೆ ಮಜ್ಜಿಗೆಗೆ ಲೋಟ ಮುಂದೆ ಮಾಡಿದೆ.

"ಮಜ್ಜಿಗಿ ಇಲ್ಲೋ ತಮ್ಮಾ," ಅಂದಿರಿ. "ಆ ಆಯಿಗೆ ಹಂಗ ಆದಾಗಿಂದ ಮಸರು ಕಡಿಯೂದ ಬಿಟ್ಟೀನಿ. ಮೊಮ್ಮಕ್ಕಳಿಗೂ ನನ್ನ ಕೈಲೆ ಹಾಲು-ಮಸರು ಕೊಡಂಗಿಲ್ಲ. ನನ್ನ ಕೈಯಾಗ ಏನ ತಪ್ಪಾತೋ, ಇನ್ನಾ ತಿಳಿದಿಲ್ಲ. ಆಯಿ ಆರಾಮ ಅದಾರಲ್ಲ?"

ನೀವು ನನ್ನ ಮೇಲೆ ಸಿಟ್ಟಾಗಿರಬಹುದು ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಹೊಂದಿಸಿಟ್ಟಿದ್ದೆ. ನೀವು ನನ್ನ ಸುಳ್ಳನ್ನು ನಂಬಿ, ಇಷ್ಟು ವರ್ಷ ನಿಮ್ಮ ಕೈಯನ್ನೇ ಅನುಮಾನಿಸಿದ್ದೀರಿ ಎಂದು ನನಗೆ ಹೊಳೆದೇ ಇರಲಿಲ್ಲ. ಆರಾಮ ಅದಾರ್ರಿ ಎಂದಷ್ಟೇ ಹೇಳಿ ಕೈ ತೊಳೆದು ಬಂದೆ. ಆಗಲೂ ಬಾಯಿ ಬಿಡಲಿಲ್ಲ — ಹೇಡಿ ನಾನು.

ಮೊನ್ನೆ ಪಾಲಬಾವಿಗೆ ಹೋಗಿ ಕಾಕಾನ ಮುಂದೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಆಕಿ ಮುಂದ ಹೇಳು. ನಾನೂ ಬರ್ತೀನಿ," ಅಂದರು. ನಿನ್ನೆ ಚಿಕ್ಕೋಡಿ ಸ್ಟ್ಯಾಂಡಿನಲ್ಲೂ ಹೇಳಿದೆ. ಹಳೇ ಮಾತು, ಈಗ್ಯಾಕೆ ಎಂದು ಕೆಲವರು ನಕ್ಕರು.

ಈ ಭಾನುವಾರ ಬರುತ್ತೇವೆ ಅಕ್ಕ. ಬಾಯಿ ಮತ್ತೆ ಕಟ್ಟಿಬಿಟ್ಟರೆ ಕೈಯಲ್ಲಿರಲಿ ಎಂದು ಇಷ್ಟನ್ನು ಬರೆದಿಟ್ಟಿದ್ದೇನೆ. ಕ್ಷಮೆ ಕೇಳಲು ನನಗೆ ಮುಖವಿಲ್ಲ. ನಿಮ್ಮ ಮೊಮ್ಮಕ್ಕಳನ್ನೂ ಹತ್ತಿರ ಕೂಡಿಸಿಕೊಳ್ಳಿ — ಅವರ ಅಜ್ಜಿಯ ಕೈಯಿಂದ ಯಾರಿಗೂ ಕೆಡುಕಾಗಿಲ್ಲ ಎಂಬುದನ್ನು ಅವರು ನನ್ನ ಬಾಯಿಂದಲೇ ಕೇಳಬೇಕು.