ಹಂದಿಗಳ ಬಳೆಗಾರ ಜೇಬೆಜ್ ಮ್ಯಾಸ್ಲೆನ್

"ನಾನು ಹುಟ್ಟಿದ್ದು ಮಾರ್ಡನ್‌ನಲ್ಲಂತೆ ಧಣಿ. ಅಂತೆ ಅಂದ್ರೆ, ನಮ್ಮಪ್ಪ ಹಂಗೆ ಹೇಳ್ತಿದ್ದ, ನನಗೆ ನೆನಪಿಲ್ಲ. ನಾನು ಎರಡು ವರ್ಷದೋನಿದ್ದಾಗ ಅಪ್ಪ ಕೆಲಸ ಹುಡುಕ್ಕೊಂಡು ಗುಡ್ಡ ದಾಟಿ ಈ ಎಲ್ಕೂಂಬ್‌ಗೆ ಬಂದ. ಕುರಿ ಕಾಯ್ತಿದ್ದ. ಅವನಪ್ಪನೂ ಕುರಿ ಕಾಯ್ತಿದ್ದ. ಅದಕ್ಕೂ ಹಿಂದಿನೋರು ಯಾರು ಅಂತ ಕೇಳಬೇಕಾದ್ರೆ ಕುರಿಗಳನ್ನೇ ಕೇಳಬೇಕು. ಅವ್ವ ನನ್ನ ತಂಗೀನ ಹೆತ್ತ ಒಂಬತ್ತನೇ ದಿನಕ್ಕೆ ಹೋದಳು. ಏಳು ವರ್ಷಕ್ಕೆ ನನ್ನನ್ನ ಬಿತ್ತನೆ ಹೊಲದಲ್ಲಿ ಕಾಗೆ ಓಡಿಸೋಕೆ ನಿಲ್ಲಿಸಿದ್ರು. ಹದಿನಾಲ್ಕಕ್ಕೆ, ಗಾಡಿ ಹೊಡೆಯೋ ಆಳು ಅನ್ನೋ ಗುರುತಿಗೆ ಟೋಪಿಗೆ ಚಾವಟಿ ದಾರ ಸಿಕ್ಕಿಸ್ಕೊಂಡು ಆಳುಗಳ ಸಂತೇಲಿ ನಿಂತೆ. ದೊಡ್ಡ ಪಿಂಚಿನ್ ಧಣಿ ಕರ್ಕೊಂಡ್ರು. ಐವತ್ತೊಂದು ವಾರಕ್ಕೆ. ಐವತ್ತೆರಡನೇ ವಾರ ಎಲ್ಲಾದ್ರೂ ಹೋಗಿದ್ದು ಬಾ ಅಂದ್ರು. ಪಕ್ಕದೂರಿನ ಬೇಲಿ ಕೆಳಗೆ ಮಲಗಿದ್ದು ಬಂದೆ. ಮತ್ತೆ ಐವತ್ತೊಂದು ವಾರ. ಮತ್ತೆ ಬೇಲಿ. ಹಿಂಗೆ ಹನ್ನೊಂದು ವರ್ಷ. ಆಮೇಲೆ ಕೆಝಿಯಾನ ಮದುವೆ ಆಗಿ ದಿನಗೂಲಿಗೆ ನಿಂತೆ. ಒಂಬತ್ತು ಮಕ್ಕಳು. ಐದು ಚರ್ಚಿನ ಹಿಂದೆ ಮಲಗಿದಾವೆ, ನಾಲ್ಕು ನಡೆದಾಡ್ತಾವೆ. ಹೋದ ಸುಗ್ಗೀಲಿ ಬಣವೆ ಮೇಲಿಂದ ಬಿದ್ದೆ, ಸೊಂಟ ಹೋಯ್ತು. ಇಷ್ಟೇ ಧಣಿ. ಇದಕ್ಕಿಂತ ಹೆಚ್ಚು ನಾನು ಬದುಕಿಲ್ಲ."

ನನ್ನ ಮಾವ ಜೇಬೆಜ್ ಮ್ಯಾಸ್ಲೆನ್ ಇದನ್ನು ಹೇಳಿದ್ದು ೧೮೪೩ರ ಫೆಬ್ರವರಿಯ ಒಂದು ಮಂಗಳವಾರ, ನಮ್ಮೂರ ಪಡಖಾನೆಯ ಮಹಡಿ ಕೋಣೆಯಲ್ಲಿ. ಎದುರಿಗೆ ಮ್ಯಾಜಿಸ್ಟ್ರೇಟರು ಕೂತಿದ್ದರು, ಪಕ್ಕದಲ್ಲಿ ಅವರ ಗುಮಾಸ್ತ. ಮಾವನಿಗೆ ನಿಲ್ಲಲು ಆಗುತ್ತಿರಲಿಲ್ಲವಾದ್ದರಿಂದ ನಾನು ಹಿಂದೆ ನಿಂತು ತೋಳು ಹಿಡಿದುಕೊಂಡಿದ್ದೆ. ಆಗ ನಾನು ಅವರ ಮಗ ಸೈಲಸನನ್ನು ಮದುವೆಯಾಗಿ ಏಳು ವರ್ಷ. ಅವರು ಅಷ್ಟೆಲ್ಲ ಹೇಳಿದ್ದನ್ನು ಗುಮಾಸ್ತ ಐದೇ ಸಾಲಿನಲ್ಲಿ ಬರೆದುಕೊಂಡ.

ಅವರ ಮನೆತನದ ಕಥೆ ಅಷ್ಟು ದೊಡ್ಡವರಿಗೆ ಯಾಕೆ ಬೇಕಾಯಿತೆಂದರೆ, ಮಾವ ಊರಿನ ಬಡವರ ಪಾಲಿನ ರೊಟ್ಟಿ ಕೇಳಿದ್ದರು. ನಮ್ಮ ಮನೆಯಲ್ಲಿ ದುಡಿಯುವವನು ಸೈಲಸ್ ಒಬ್ಬ, ತಿನ್ನುವ ಬಾಯಿ ಎಂಟು. ರೊಟ್ಟಿ ಕೊಡಬೇಕಾದ್ದು ಅವರವರ ಊರು. ಯಾರ ಊರು ಯಾವುದು ಎಂಬುದು ಎಲ್ಲಿ ಬಾಳಿದರು ಎಂಬುದರ ಮೇಲೆ ಅಲ್ಲ, ಎಲ್ಲಿ ಹಕ್ಕು ಸಂಪಾದಿಸಿದರು ಎಂಬುದರ ಮೇಲೆ ನಿಲ್ಲುತ್ತಿತ್ತು. ಆಳಾಗಿ ಒಂದು ವರ್ಷ ಪೂರ್ತಿ ಒಂದೇ ಕಡೆ ದುಡಿದಿದ್ದರೆ ಆ ಊರು ಅವನದಾಗುತ್ತಿತ್ತು. ಆ ಐವತ್ತೊಂದು ವಾರದ ಗುಟ್ಟು ಅದೇ. ಒಂದು ವಾರ ಬೇಲಿ ಕೆಳಗೆ ಮಲಗಿಸಿದರೆ ವರ್ಷ ತುಂಬುವುದಿಲ್ಲ, ಹಕ್ಕೂ ಹುಟ್ಟುವುದಿಲ್ಲ.

ಈಗ ಬಡವರ ಮೇಲ್ವಿಚಾರಕನಾಗಿದ್ದವನು ಚಿಕ್ಕ ಪಿಂಚಿನ್, ಆ ದೊಡ್ಡ ಪಿಂಚಿನ್ನನ ಮಗ. ಅವನು ಹೇಳುತ್ತಿದ್ದುದು ಒಂದೇ ಮಾತು: ಈ ಮುದುಕ ಮಾರ್ಡನ್‌ನವನು, ಹೆಂಡತಿಯ ಸಮೇತ ಗಾಡಿಯಲ್ಲಿ ಹಾಕಿ ಅಲ್ಲಿಗೆ ಕಳಿಸಿ. ಮಾರ್ಡನ್ ನಮ್ಮಿಂದ ಹದಿನಾಲ್ಕು ಮೈಲಿ. ಅಲ್ಲಿ ಅವರ ಮುಖ ಕಂಡವರು ಒಬ್ಬರೂ ಇರಲಿಲ್ಲ. ಮನೆ ಇಲ್ಲದವರನ್ನು ಆ ಊರು ನೇರ, ಗತಿಯಿಲ್ಲದವರನ್ನು ಕೂಡಿಹಾಕಿ ದುಡಿಸುವ ದುಡಿಮೆಮನೆಗೆ ತಳ್ಳುತ್ತಿತ್ತು. ಆ ದುಡಿಮೆಮನೆಯಲ್ಲಿ ಗಂಡಸರ ಅಂಗಳ ಬೇರೆ, ಹೆಂಗಸರ ಅಂಗಳ ಬೇರೆ, ನಡುವೆ ಗೋಡೆ. ಮಾವ, ಅತ್ತೆ ಮೂವತ್ತೊಂಬತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದವರು.

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ, ಹಕ್ಕು ಹುಟ್ಟುವ ಬೇರೆ ದಾರಿಗಳನ್ನು ಕಾಗದ ನೋಡಿಕೊಂಡು ಒಂದೊಂದೇ ಕೇಳಿದ.

"ಯಾರ ಹತ್ರನಾದ್ರೂ ಕಾಗದ ಮಾಡ್ಕೊಂಡು ಕಸುಬು ಕಲಿಯೋಕೆ ಸೇರಿದ್ದೆಯೇನು?"

"ಇಲ್ಲ ಧಣಿ."

"ಸ್ವಂತ ಮನೆ, ಜಮೀನು?"

"ಇಲ್ಲ ಧಣಿ. ನಾಲ್ಕು ಸಾಲು ಆಲೂಗಡ್ಡೆ, ಅದೂ ಗುತ್ತಿಗೇಲಿ."

"ಈ ಊರಿನ ಯಾವುದಾದ್ರೂ ಅಧಿಕಾರ ಒಂದು ವರ್ಷ ಪೂರ್ತಿ ನಡೆಸಿದ್ದೀಯಾ?"

ನಾನು ಹಿಂದೆ ನಿಂತಿದ್ದರಿಂದ ಮಾವನ ಕಿವಿ ಕಾಣುತ್ತಿತ್ತು. ಎರಡೂ ಕಿವಿ ಕೆಂಪಾದವು.

"ಇಲ್ಲ ಧಣಿ."

ಅವತ್ತು ಬಂದಿದ್ದು ಒಬ್ಬರೇ ಮ್ಯಾಜಿಸ್ಟ್ರೇಟರು, ಕೆಂಪು ಮುಖದ ಕರ್ನಲ್ ಸಾಹೇಬರು. ಊರು ಬಿಡಿಸುವ ಆಜ್ಞೆಗೆ ಇಬ್ಬರು ಮ್ಯಾಜಿಸ್ಟ್ರೇಟರ ಸಹಿ ಬೇಕು. ಇನ್ನೊಬ್ಬರು, ಪಕ್ಕದೂರಿನ ಪಾದ್ರಿಗಳು, ಕಾಲು ಊದಿಕೊಂಡು ಮಲಗಿದ್ದರು. ಹಾಗಾಗಿ ಮುಂದಿನ ಮಂಗಳವಾರ ಬನ್ನಿ ಎಂದರು. ಚಿಕ್ಕ ಪಿಂಚಿನ್ ಮೆಟ್ಟಿಲಿಳಿಯುತ್ತ, "ಬುಧವಾರಕ್ಕೆ ಗಾಡಿ ಹೇಳಿದ್ದೀನಿ ಜೇಬೆಜ್, ಹುಲ್ಲು ಹಾಸಿಸ್ತೀನಿ, ಸೊಂಟಕ್ಕೆ ಮೆತ್ತಗಿರುತ್ತೆ," ಎಂದ. ಕೆಟ್ಟ ಮನುಷ್ಯನೇನಲ್ಲ. ಹುಲ್ಲು ಹಾಸಿಸುವವನೇ.

ಮನೆಗೆ ಬರುವ ದಾರಿಯಲ್ಲಿ ಮಾವ ನನ್ನ ಹೆಗಲ ಮೇಲೆ ಭಾರ ಬಿಟ್ಟು ನಡೆಯುತ್ತಿದ್ದರು. ಚರ್ಚಿನ ಗೋಡೆ ದಾಟಿದ ಮೇಲೆ ನಾನು ಕೇಳಿದೆ.

"ಮಾವ, ಹಂದಿಗೆ ಮೂಗುಬಳೆ ಹಾಕೋ ಕೆಲಸ ಊರಿನ ಅಧಿಕಾರ ಅಲ್ವಾ?"

ಅವರು ನಿಂತುಬಿಟ್ಟರು. "ಯಾರು ಹೇಳಿದ್ರು ನಿಂಗೆ?"

"ಅತ್ತೆ."

"ಅವಳ ಬಾಯಿಗೆ ಮೊದ್ಲು ಬಳೆ ಹಾಕಬೇಕಿತ್ತು ನಾನು," ಎಂದರು.

ಅತ್ತೆ ಅದನ್ನು ನೇರವಾಗಿ ಹೇಳಿದವರಲ್ಲ. ಸಿಟ್ಟು ಬಂದಾಗ ಮಾವನ ಕಡೆ ತಿರುಗಿ ಮೂಗಿನಲ್ಲಿ ಗುರ್ ಗುರ್ ಎನ್ನುತ್ತಿದ್ದರು. ಮಾವ ಎದ್ದು ಹೊರಗೆ ಹೋಗುತ್ತಿದ್ದರು. ಇದೇನೆಂದು ನಾನು ಕೇಳಲಿಲ್ಲ. ಪಾತ್ರೆ ತಿಕ್ಕುತ್ತ, ಕಾಳು ಆರಿಸುತ್ತ ಕೂತಿದ್ದಾಗ ಒಂದು ತುಣುಕು ಇವತ್ತು, ಒಂದು ತುಣುಕು ಮುಂದಿನ ಚಳಿಗಾಲ, ಹೀಗೆ ತಾನಾಗಿ ನನ್ನ ಕಿವಿಗೆ ಬಂತು.

ನಮ್ಮೂರ ಗೋಮಾಳದಲ್ಲಿ ಎಲ್ಲರ ಹಂದಿಗಳೂ ಮೇಯುತ್ತಿದ್ದವು. ಮೂಗಿಗೆ ಕಬ್ಬಿಣದ ಬಳೆ ಇಲ್ಲದ ಹಂದಿ ಹುಲ್ಲನ್ನು ಬೇರುಸಹಿತ ಬಗೆದು ಹಾಕುತ್ತದೆ. ಅದಕ್ಕೆ ಜಮೀನ್ದಾರರ ವರ್ಷದ ಪಂಚಾಯ್ತಿಯಲ್ಲಿ ಒಬ್ಬನನ್ನು ನೇಮಿಸುತ್ತಿದ್ದರು. ಅವನು ಮನೆಮನೆಗೆ ಹೋಗಿ ಹಂದಿಗಳಿಗೆ ಬಳೆ ಹಾಕಬೇಕು, ಇಲ್ಲದವನ್ನು ಹಿಡಿದು ದೊಡ್ಡಿಗೆ ಕಟ್ಟಬೇಕು. ಸಂಬಳ ಇಲ್ಲ. ಬೈಗುಳ ಇತ್ತು, ಕಚ್ಚಿಸಿಕೊಳ್ಳುವುದಿತ್ತು. ಜಮೀನಿದ್ದ ಮನೆಗಳಿಗೆ ಅದು ಸರದಿಯ ಮೇಲೆ ಬರುತ್ತಿತ್ತು. ೧೮೧೧ರಲ್ಲಿ ಸರದಿ ದೊಡ್ಡ ಪಿಂಚಿನ್ನನದು. ಆರು ಕುದುರೆ ಇಟ್ಟವನು ಹಂದಿಯ ಹಿಂದೆ ಓಡುವುದುಂಟೇ? ಪಂಚಾಯ್ತಿಯಲ್ಲಿ ಎದ್ದು ನಿಂತು, "ನಮ್ಮ ಜೇಬೆಜ್ ಇದ್ದಾನೆ, ಅವನ ಹೆಸರು ಬರ್ಕೊಳ್ಳಿ" ಎಂದ. ಎಲ್ಲರೂ ನಕ್ಕರು. ಬರೆದುಕೊಂಡರು. ಮಾವನನ್ನು ಹೊಲದಿಂದ ಕರೆಸಿ ಕೈಗೆ ಇಕ್ಕಳ ಕೊಟ್ಟು ಪ್ರಮಾಣ ಮಾಡಿಸಿದರು.

ಅಂದಿನಿಂದ ಊರು ಅವರಿಗೆ ಹಂದಿಗಳ ಬಳೆಗಾರ ಎಂದು ಹೆಸರಿಟ್ಟಿತು. "ಬಳೆಗಾರಪ್ಪ, ನಮ್ಮ ಹೆಣ್ಣಂದಿಗೆ ಹಸಿರು ಬಳೆ ಬೇಕಂತೆ," ಎಂದು ಹೆಂಗಸರೇ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಅದನ್ನಾದರೂ ಸಹಿಸಿದ್ದರು. ಮುಂದಿನ ವಸಂತದಲ್ಲಿ ನನ್ನ ಗಂಡ ಸೈಲಸ್ ಹುಟ್ಟಿದ. ಅದಕ್ಕೆ ಮೊದಲು ಮೂರು ಗಂಡು ಹುಟ್ಟಿ ಸತ್ತಿದ್ದವು. ನಾಮಕರಣಕ್ಕೆ ಕೂಸನ್ನು ಎತ್ತಿಕೊಂಡು ಚರ್ಚಿನ ನಡುವೆ ನಡೆದು ಬರುವಾಗ ಹಿಂದಿನ ಬೆಂಚಿನಿಂದ ಯಾರೋ ಗುರ್ ಎಂದರು. ಆಮೇಲೆ ಇಡೀ ಬೆಂಚೇ ಗುರ್ ಎಂದಿತು. ಪಾದ್ರಿಗಳೂ ನಗು ತಡೆಯಲು ಕೆಮ್ಮಿದರಂತೆ. ಮಾವ ಆ ವರ್ಷ ಮುಗಿಸಿದರು, ಒಂದು ದಿನವೂ ಬಿಡದೆ. ಮುಗಿದ ದಿನ ಇಕ್ಕಳವನ್ನು ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿದರು. ಮತ್ತೆ ಆ ಮಾತನ್ನು ಯಾರ ಬಾಯಿಂದಲೂ ಕೇಳಲು ಒಪ್ಪಲಿಲ್ಲ.

ಮಂಗಳವಾರದಿಂದ ಶನಿವಾರದವರೆಗೆ ನಮ್ಮ ಮನೆಯಲ್ಲಿ ಅದೇ ಜಗಳ. ಸೈಲಸ್ ಹೇಳಿದ, ನಾನು ಹೇಳಿದೆ.

"ಅಲ್ಲಪ್ಪಾ, ಒಂದು ಮಾತು ಹೇಳಿದ್ರೆ ಮುಗೀತು," ಅಂದ ಸೈಲಸ್.

"ಆ ಮಾತು ಹೇಳೋಕೆ ಆ ಮಹಡಿ ಹತ್ತಬೇಕು. ಕೆಳಗೆ ಕಮ್ಮಾರ, ಗಾಡಿಯೋನು, ಎಲ್ಲಾ ಕಿವಿ ಇಟ್ಕೊಂಡಿರ್ತಾರೆ. ಅರವತ್ನಾಲ್ಕು ವರ್ಷ ಬದುಕಿ ಕೊನೆಗೆ ನಾನು ಹಂದಿ ಮೂಗಿನೋನು ಅಂತ ಬರೆಸಬೇಕಾ? ಮಾರ್ಡನ್‌ನಲ್ಲಿ ನನಗೆ ಹೆಸರೇ ಇಲ್ಲ. ಅದೇ ವಾಸಿ."

"ಆಯ್ತು ಬಿಡು ಸೈಲಸ್," ಎಂದರು ಅತ್ತೆ. "ನಿಮ್ಮಪ್ಪ ಮೂಗು ಉಳಿಸ್ಕೊಳ್ಳಲಿ." ಗುರ್ ಎನ್ನಲಿಲ್ಲ. ಅದು ನನಗೆ ಹೆದರಿಕೆ ತಂದಿತು.

ಭಾನುವಾರ ಮಧ್ಯಾಹ್ನ ಅತ್ತೆ ಮಂಚದ ಮೇಲಿದ್ದ ಕೌದಿಯನ್ನು ತಂದು ಬಾಗಿಲ ಬೆಳಕಿನಲ್ಲಿ ಹರಡಿಕೊಂಡು ಕೂತರು. ಅವರ ಮದುವೆಗೆ ಅವರೇ ಹೊಲಿದದ್ದು. ಸತ್ತ ಮಕ್ಕಳ ಅಂಗಿ ಚೂರುಗಳನ್ನೆಲ್ಲ ಆಮೇಲೆ ಅದಕ್ಕೇ ಸೇರಿಸಿದ್ದರು. ನಟ್ಟನಡುವಿನ ಹೊಲಿಗೆಯನ್ನು ಸೂಜಿ ತುದಿಯಿಂದ ಒಂದೊಂದೇ ಬಿಚ್ಚತೊಡಗಿದರು. ಮಾವ ಒಲೆಯ ಮುಂದೆ ಕೂತು ನೋಡುತ್ತಿದ್ದರು.

"ಏನು ಮಾಡ್ತಿದ್ದೀ?"

"ಎರಡು ಮಾಡ್ತಿದೀನಿ. ಗಂಡಸರ ಕಡೆಗೆ ಒಂದು, ಹೆಂಗಸರ ಕಡೆಗೆ ಒಂದು. ನಿಂಗೆ ನೀಲಿ ಜಾಸ್ತಿ ಇರೋದು ಕೊಡ್ತೀನಿ."

ಅತ್ತೆ ಒಂದು ಗೇಣು ಬಿಚ್ಚಿದರು, ಎರಡನೇ ಗೇಣಿಗೆ ಕೈ ಹಾಕಿದರು. ದಾರದ ಚೂರುಗಳು ಮಡಿಲಲ್ಲಿ ಬೀಳುತ್ತಿದ್ದವು.

"ತಿರ್ಝಾ," ಎಂದರು ಮಾವ, ನನ್ನ ಕಡೆ ನೋಡದೆ. "ಆ ಸೂರಿನ ಮೂಲೇಲಿ ಕೈ ಹಾಕಿ ನೋಡು ಮಗಾ. ಇಕ್ಕಳ ಇನ್ನೂ ಇರಬೇಕು."

ಮಂಗಳವಾರ ನಾವು ನಾಲ್ವರೂ ಹೋದೆವು. ಪಾದ್ರಿಗಳು ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಗುಮಾಸ್ತ ಹಳೆಯ ಐದು ಸಾಲು ಓದಿ, ಸೇರಿಸುವುದೇನಾದರೂ ಇದೆಯೇ ಎಂದ. ಮಾವ ಇಕ್ಕಳವನ್ನು ಮೇಜಿನ ಮೇಲಿಟ್ಟರು. ತುಕ್ಕು ಹಿಡಿದಿತ್ತು.

"ಇದೆ ಧಣಿ. ಹೋದ ಸಲ ಸುಳ್ಳು ಹೇಳಿದೆ. ೧೮೧೧ರ ಸೆಪ್ಟೆಂಬರ್ ಕೊನೆಯ ಮೈಕೆಲ್‌ಮಸ್ ಹಬ್ಬದಿಂದ ಮುಂದಿನ ಮೈಕೆಲ್‌ಮಸ್‌ವರೆಗೆ ನಾನು ಈ ಊರಿನ ಹಂದಿಗಳಿಗೆ ಮೂಗುಬಳೆ ಹಾಕೋ ಅಧಿಕಾರಿ ಆಗಿದ್ದೆ."

ಮೆಟ್ಟಿಲ ಕೆಳಗಿನಿಂದ ಯಾರೋ ಗುರ್ ಎಂದರು. ಅತ್ತೆ ಬಾಗಿಲಿಗೆ ಹೋಗಿ ಬಗ್ಗಿ ನೋಡಿ, "ಯಾರೋ ಅದು? ಮೇಲೆ ಬಾ, ಇಕ್ಕಳ ಇಲ್ಲೇ ಇದೆ," ಎಂದರು.

ಚಿಕ್ಕ ಪಿಂಚಿನ್ ಎದ್ದ. "ಸ್ವಾಮಿ, ಅದು ತಮಾಷೆಗೆ ಮಾಡಿದ್ದು. ಸರದಿ ನಮ್ಮಪ್ಪಂದು. ಇವನು ಅವರ ಬದಲಿಗೆ ಓಡಾಡಿದ್ದ ಅಷ್ಟೇ."

"ಪ್ರಮಾಣ ಮಾಡಿದ್ದು ಯಾರು?" ಎಂದರು ಕರ್ನಲ್.

"ನಾನು ಧಣಿ," ಎಂದರು ಮಾವ. "ಬೈಬಲ್ ಮುಟ್ಟಿ. ಬೈಬಲ್ ಹಿಡ್ಕೊಂಡಿದ್ದೋರು ಇವರಪ್ಪ."

"ಬಳೆ ಹೆಂಗೆ ಹಾಕ್ತೀಯಾ?" ಪಾದ್ರಿಗಳು ಕೇಳಿದರು. ಪರೀಕ್ಷೆಗೋ ಕುತೂಹಲಕ್ಕೋ ತಿಳಿಯದು.

ಮಾವ ಸ್ವಲ್ಪ ನೆಟ್ಟಗಾದರು. "ಮೇಲಿನ ದವಡೆಗೆ ಹಗ್ಗದ ಕುಣಿಕೆ ಹಾಕಿ ಗೂಟಕ್ಕೆ ಎಳೆದು ಕಟ್ಟಬೇಕು ಸ್ವಾಮಿ. ಹಂದಿ ಹಿಂದಕ್ಕೇ ಎಳೆಯುತ್ತೆ, ಮುಂದಕ್ಕೆ ನುಗ್ಗಲ್ಲ. ಅದು ಕಿರುಚೋದು ನೋವಿಗಲ್ಲ, ಸಿಟ್ಟಿಗೆ. ಮೂಗಿನ ಮೇಲಂಚಲ್ಲಿ ಮೂಳೆ ಇಲ್ಲದ ಕಡೆ ಮೊನೆ ತೂರಿಸಿ, ಇಕ್ಕಳದಲ್ಲಿ ಒಂದೇ ಸಲ ಒತ್ತಬೇಕು. ಎರಡು ಸಲ ಒತ್ತಿದ್ರೆ ಕೀವಾಗುತ್ತೆ. ಆ ವರ್ಷ ನೂರಾ ಮೂವತ್ತೊಂದು ಹಂದಿ. ಒಂದಕ್ಕೂ ಕೀವಾಗಲಿಲ್ಲ. ನಮ್ಮೂರ ಪಾದ್ರಿಗಳ ಮನೆ ಹೆಣ್ಣಂದಿ ಒಂದು ಇಲ್ಲಿ ಕಚ್ಚಿತು." ತೋಳು ಮಡಚಿ ತೋರಿಸಿದರು. ನಾವು ಆ ಗಾಯವನ್ನು ಕುಡುಗೋಲಿನದು ಎಂದುಕೊಂಡಿದ್ದೆವು.

ಪಂಚಾಯ್ತಿ ಪುಸ್ತಕ ಜಮೀನ್ದಾರರ ಮನೆಯಲ್ಲಿತ್ತು. ಆಳು ಕಳಿಸಿ ತರಿಸಿದರು. ನಾವು ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆವು. ಪುಸ್ತಕದಲ್ಲಿ ಅಧಿಕಾರಿಯ ಜಾಗದಲ್ಲಿ ದೊಡ್ಡ ಪಿಂಚಿನ್ನನ ಹೆಸರು ಇರಲಿಲ್ಲ. ಗೋಮಾಳ ಹಾಳಾದರೆ ದಂಡ ತನ್ನ ತಲೆಗೆ ಬರಬಾರದೆಂದು ಅವನೇ ಜೇಬೆಜನ ಹೆಸರನ್ನು ಪೂರ್ತಿಯಾಗಿ ಬರೆಸಿದ್ದ. ಕೆಳಗೆ ಸಾಕ್ಷಿಯಾಗಿ ರುಜು ಮಾತ್ರ ಹಾಕಿದ್ದ. ಮುಂದಿನ ವರ್ಷದ ಪುಟದಲ್ಲಿ, ಜೇಬೆಜ್ ಮ್ಯಾಸ್ಲೆನ್ ವರ್ಷ ಪೂರೈಸಿ ಬಿಡುಗಡೆಯಾದ ಎಂದಿತ್ತು. ಆಮೇಲೆ ಬಂದ ಕಾನೂನು ಅಧಿಕಾರ ನಡೆಸಿ ಹಕ್ಕು ಪಡೆಯುವ ದಾರಿಯನ್ನು ಮುಚ್ಚಿತ್ತಂತೆ. ಆದರೆ ಅದಕ್ಕೆ ಮೊದಲು ಗಳಿಸಿದ್ದನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಗುಮಾಸ್ತ ಹೇಳಿದ.

"ಈ ಮನುಷ್ಯ ಎಲ್ಕೂಂಬಿನವನು," ಎಂದರು ಕರ್ನಲ್. "ಗಾಡಿ ಬೇಡ ಅಂತ ಹೇಳಿ ಕಳಿಸಿ ಪಿಂಚಿನ್."

ಚಿಕ್ಕ ಪಿಂಚಿನ್ ಪುಸ್ತಕದಲ್ಲಿ ತನ್ನ ಅಪ್ಪನ ರುಜುವನ್ನು ಬಹಳ ಹೊತ್ತು ನೋಡಿದ. "ನಮ್ಮಪ್ಪನ ಕೈಬರಹ ಚೆನ್ನಾಗಿತ್ತು," ಎಂದ.

"ಹೂಂ, ಇವತ್ತಿಗೂ ಓದೋ ಹಂಗಿದೆ," ಎಂದರು ಅತ್ತೆ.

ಗುಮಾಸ್ತ ಆ ಐದು ಸಾಲಿನ ಕೆಳಗೆ ಆರನೆಯ ಸಾಲು ಬರೆದು ಓದಿ ಹೇಳಿದ. ಮಾವ ಕೆಳಗೆ ರುಜುವಿನ ಜಾಗದಲ್ಲಿ ಅಡ್ಡಗೆರೆ ಎಳೆದರು. ಕಮ್ಮಾರ ಪಡಖಾನೆಯ ಬಾಗಿಲಲ್ಲಿ ನಿಂತು, "ಏನಪ್ಪಾ ಬಳೆಗಾರ, ಉಳ್ಕೊಂಡ್ಯಾ?" ಎಂದ. ಮಾವನ ಕಿವಿ ಕೆಂಪಾಯಿತು. ಆದರೂ ನಿಂತು, "ಉಳ್ಕೊಂಡೆ ಕಣೋ. ನಿಮ್ಮನೆ ಹಂದಿ ಹೆಂಗಿದೆ?" ಎಂದರು.

ಮನೆಗೆ ಬಂದಾಗ ಮೂರು ಗಂಟೆ. ಅತ್ತೆ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟು, ಕೌದಿಯನ್ನು ಮಂಚದ ಮೇಲೆ ಹರಡಿದರು. ಅದರ ನಡುವಿನ ಹೊಲಿಗೆ ಉಳಿದದ್ದಕ್ಕಿಂತ ಒರಟು, ಆ ಕೌದಿ ಈಗ ನನ್ನ ಮಂಚದ ಮೇಲಿದೆ. ಹಿತ್ತಲಲ್ಲಿ ಹಂದಿ ಬೆಳಗಿನಿಂದ ಹಸಿದು ಗೂಡಿನ ಹಲಗೆಗೆ ತಲೆ ಗುದ್ದುತ್ತಿತ್ತು. ಆಲೂಗಡ್ಡೆ ಸಿಪ್ಪೆ, ಪಾತ್ರೆ ತೊಳೆದ ನೀರು, ಒಂದು ಹಿಡಿ ಬಾರ್ಲಿ ತೌಡು ಬೆರೆಸಿ ನಾನು ಕಲಗಚ್ಚಿನ ಬಕೀಟು ಎತ್ತಿಕೊಂಡೆ. ಮಾವ ಕೋಲೂರಿಕೊಂಡು ನನ್ನ ಹಿಂದೆಯೇ ಬಂದು, "ಇಲ್ಲಿ ಕೊಡು," ಎಂದು ಬಕೀಟಿನ ಹಿಡಿ ತೆಗೆದುಕೊಂಡರು. ಗೋಡೆಗೆ ಒರಗಿ ನಿಂತು, ಹಂದಿಯ ಮೂತಿಯನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ, ಕಲಗಚ್ಚನ್ನು ಚೆಲ್ಲದಂತೆ ಬಾನಿಗೆ ಹೊಯ್ದರು.