ಮೂಗುದಾರ ಬೇಕಾದ ಎತ್ತು

ಜೈನಾಪುರದ ಎರೆಮಣ್ಣಿನ ಚೀಲ ಬಿಚ್ಚಿದರೆ ಸಾಕು, ಮೊದಲ ಮಳೆ ಬಿದ್ದ ಹೊಲದ ವಾಸನೆ ಮಾಳಿಗೆ ತುಂಬ ಹರಡುತ್ತದೆ. ಇಂದು ಬೆಳಿಗ್ಗೆಯೂ ಹಾಗೇ ಆಯಿತು. ಎರಡೂ ಕೈ ಮಣಿಕಟ್ಟಿನತನಕ ಮಣ್ಣಲ್ಲಿವೆ, ಆಗಲೇ ಫೋನ್ ಹೊಡೆದುಕೊಳ್ಳಬೇಕೇ? ನೀವೇ ಹೇಳಿ, ಇದಕ್ಕಿಂತ ಪೀಡೆ ಬೇರೆ ಇದೆಯೇ? ಮೂಗಿನ ತುದಿಯಿಂದ ಒತ್ತಿ ಸ್ಪೀಕರ್ ಹಾಕಿದೆ.

"ಸಾವ್ಕಾರ್ರ, ಮೋಟರ್ ಗುಂಯ್ ಅನ್ನಾಕತ್ತೈತ್ರಿ, ನೀರ ಬರವಲ್ದ್ರಿ!"

ಬಬಲೇಶ್ವರದ ಕಡೆಯ ಗಿರಾಕಿ. ವಿಜಯಪುರದ ಗಾಂಧಿ ಚೌಕಿನ ಹತ್ತಿರ ಇಪ್ಪತ್ತೆರಡು ವರ್ಷ ಬೋರ್‌ವೆಲ್ ಪಂಪು ಮಾರಿದವನು ನಾನು. ಅದಕ್ಕೂ ಮೊದಲು ಶಿಲ್ಪ ಕಲಿತವನು ಎಂದರೆ ಮನೆಯಲ್ಲಿ ಹೆಂಡತಿಯೇ ನಗುತ್ತಾಳೆ. ಅಪ್ಪ ಹಾಸಿಗೆ ಹಿಡಿದಾಗ ಅಂಗಡಿಯಲ್ಲಿ ಕೂತೆ, ಕೂತವನು ಏಳಲಿಲ್ಲ. ಈ ವರ್ಷ ಯುಗಾದಿ ಮುಗಿದ ಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಮತ್ತೆ ಶಿಲ್ಪ ಮಾಡಲು ಮಾಳಿಗೆ ಹತ್ತಿದೆ. ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಕೈ ತಿರುಗದಿದ್ದರೆ ಮತ್ತೆ ಅಂಗಡಿಗೆ ಬಂದು ಕೂರುತ್ತೇನೆ ಎಂದು ದೊಡ್ಡದಾಗಿ ಮಾತನ್ನೂ ಕೊಟ್ಟೆ. ಯಾಕಾದರೂ ಬಾಯಿ ಬಿಟ್ಟೆನೋ!

ಕೈ ತಿರುಗಲಿಲ್ಲ. ಏನು ಮಾಡಹೋದರೂ ಪಂಪಿನ ಆಕಾರ. ಕೊನೆಗೆ ಏಳು ದಿನ ಹಟ ಹಿಡಿದು ಒಂದು ಎತ್ತು ಮಾಡಿದೆ. ಪಕ್ಕೆಲುಬು, ನರ, ಗೊರಸಿನ ಸೀಳು, ಒಂದೂ ತಪ್ಪಿರಲಿಲ್ಲ. ಹೆಂಡತಿ ನೋಡಿ, "ಛಲೋ ಆಗೈತಿ ಬಿಡ್ರಿ. ನಿಮ್ಮ ತಮ್ಮ ಕೇಳಾಕತ್ತಾನ, ಅಂಗಡಿಗೆ ಯಾವಾಗ ಬರ್ತಾರಂತ" ಎಂದಳು.

ಅಮಾವಾಸ್ಯೆಯ ದಿನ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಜೈನಾಪುರಕ್ಕೆ, ದೊಡ್ಡವ್ವನ ಮನೆಗೆ ಹೋದೆ. ಅವ್ವನ ಅಕ್ಕ ಅವಳು. ನನಗೆ ಮಣ್ಣು ಮುಟ್ಟಲು ಕಲಿಸಿದವಳು. ಆಗೆಲ್ಲ ರೊಟ್ಟಿ ಹಿಟ್ಟಿನಂತೆ ಮಣ್ಣು ನಾದಿ, ನಾಲ್ಕು ಕಡೆ ಚಿವುಟಿದರೆ ಎತ್ತು ಎದ್ದು ನಿಲ್ಲುತ್ತಿತ್ತು. ಅಮಾವಾಸ್ಯೆಯ ಪೂಜೆಗೆ ಓಣಿಗೆಲ್ಲ ಅವಳದೇ ಎತ್ತು. ಈಗ ಕಣ್ಣು ಮಂಜಾಗಿವೆ. ನನ್ನ ಎತ್ತನ್ನು ಬೆರಳಿನಿಂದ ಸವರಿದಳು, ಆಮೇಲೆ ಅದರ ಪಕ್ಕದಲ್ಲೆಲ್ಲ ತಡಕಾಡಿದಳು.

"ಜೋಡಿ ಎಲ್ಲೈತ್ಲೇ?"

ಪೆಚ್ಚಾದೆ. ಮಣ್ಣೆತ್ತನ್ನು ಯಾರಾದರೂ ಒಂದೇ ಮಾಡುತ್ತಾರೆಯೇ?

"ಇದು ಕಲಾ, ದೊಡ್ಡವ್ವ. ಪೂಜಾಕ್ಕಲ್ಲ."

"ಒಂಟಿ ಎತ್ತ ಕಟ್ಕೊಂಡು ಏನ ಹೂಡತೀ? ಹೋಳಿಗಿ ಆರಾಕತ್ತಾವ, ಲಗೂನ ಇನ್ನೊಂದ ಮಾಡು."

ಏಳು ದಿನದ ಕೆಲಸಕ್ಕೆ ಈ ಮರ್ಯಾದೆ! ಸಿಟ್ಟು ನೆತ್ತಿಗೇರಿತು. ಅವಳು ಕೊಟ್ಟ ಮುದ್ದೆಯನ್ನು ಕಲ್ಲಿಗೆ ಕುಕ್ಕಿದೆ, ಕುತ್ತಿಗೆ ಹಿಡಿದು ಎಳೆದೆ, ಕೊಂಬು ತಿರುಚಿದೆ. ಹೋಳಿಗೆ ಆರುವುದರೊಳಗೆ ಅವಳ ಮುಂದೆ ಇಟ್ಟೆ. ಒಂದು ಕಾಲು ಗಿಡ್ಡ, ಮುಖ ಸೊಟ್ಟ.

ದೊಡ್ಡವ್ವ ಅದನ್ನೂ ಸವರಿದಳು. ಕತ್ತಿನ ಹತ್ತಿರ ಬಂದ ಕೈಯನ್ನು ಕೊಂಬು ತಿವಿದಂತೆ ಹಿಂದೆಳೆದುಕೊಂಡಳು.

"ಯಪ್ಪಾ, ಇದು ಹಾಯ್ತೈತಿ!"

ದೇವರ ಜಗಲಿಯ ಮೇಲಿನ ಕೆಂಪು ದಾರ ತೆಗೆದುಕೊಂಡು, ಕಸಬರಿಗೆ ಕಡ್ಡಿಯಿಂದ ಹಸಿ ಮೂಗು ಚುಚ್ಚಿ ಮೂಗುದಾರ ಹಾಕಿದಳು.

"ಮತ್ತ ಇದಕ್ಕ?" ಎಂದು ಮೊದಲನೆಯದನ್ನು ಮುಂದೆ ಸರಿಸಿದೆ.

"ಅದಕ್ಯಾಕ? ಅದು ಎಲ್ಲಿ ಇಟ್ರ ಅಲ್ಲೇ ನಿಂತಿರತೈತಿ."

ಏಳು ದಿನದ ಕೆಲಸ ನೆನೆದು ಹೊಟ್ಟೆ ಉರಿಯಿತು. ಆ ಸೊಟ್ಟ ಮುಖದ್ದನ್ನು ನೋಡಿ ಖುಷಿಯೂ ಆಯಿತು. ಮರುದಿನ ರೂಢಿಯಂತೆ ಜೋಡಿಯನ್ನು ಬಾವಿಗೆ ಬಿಡಬೇಕಾಯಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಎತ್ತು ಬುಳಕ್ಕನೆ ಮುಳುಗಿತು. ಬಿಡುವ ಮುನ್ನ ಅದರ ಮೂಗುದಾರ ಬಿಚ್ಚಿಕೊಂಡಿದ್ದೆ. ಬಾವಿಯ ದಂಡೆಯಿಂದಲೇ ತಮ್ಮನಿಗೆ ಫೋನ್ ಮಾಡಿ, ಅಂಗಡಿಗೆ ಬರುವುದಿಲ್ಲ ಎಂದೆ.

ಆ ದಾರ ಈಗ ಎದುರಿನ ಗೋಡೆಯ ಮೊಳೆಗೆ ತೂಗುತ್ತಿದೆ. ಅವತ್ತಿನಿಂದ ಎಂಟು ಎತ್ತು ಮಾಡಿದ್ದೇನೆ. ಎಂಟೂ ಇಟ್ಟಲ್ಲೇ ನಿಂತಿವೆ.

"ಸಾವ್ಕಾರ್ರ, ಕೇಳಾಕತ್ತೀರೇನ್ರಿ?" ಫೋನು ಒದರಿತು.

"ಅಂಗಡಿಗೆ ಮಾಡ್ರೀಪಾ, ನನಗ ಕೆಲಸೈತಿ" ಎಂದು ಒಂಬತ್ತನೆಯದರ ಕುತ್ತಿಗೆಗೆ ಕೈ ಹಾಕಿದೆ.